ನಡುಹಗಲಿನ ಸಾರಂಗ

ಚಿತ್ರದುರ್ಗ, 12 ನವೆಂಬರ್ 2024, ಮಂಗಳವಾರ

ನಾಳೆ ತುಳಸಿ ಹಬ್ಬ. ಅದು ಕಳೆದರೆ ಮದುವೆಗಳು ಶುರು. ಕೋಣೆ ತುಂಬ ಬ್ಲೌಸಿನ ಬಟ್ಟೆ ರಾಶಿ ಬಿದ್ದಿದೆ. ಹೊಲಿಗೆ ಹೆಚ್ಚಿದ್ದ ದಿನ ನಮ್ಮ ಮನೆಯಲ್ಲಿ ರೇಡಿಯೊ ಕೂಡ ಹೆಚ್ಚು. ಸಿನಿಮಾ ಹಾಡು, ಜಾಹೀರಾತು ಬರುವಾಗ ಮಿಷಿನ್ ತುಳಿಯುತ್ತೇನೆ. ಸಂಗೀತ, ಭಾಷಣ ಬಂತೆಂದರೆ ಮಿಷಿನ್ ಬಂದ್, ಹುಕ್ಸು, ಕಾಜಾ, ಫಾಲ್ಸ್ ಕೈಗೆ ಬರುತ್ತವೆ. ತಂಬೂರಿಯ ಶ್ರುತಿಯ ಮೇಲೆ ಮಿಷಿನ್ ಸದ್ದು ಬೀಳಬಾರದು ಎನ್ನುವುದು ನನ್ನ ಹಟ.

ಬೆಳಗ್ಗೆ ದುರ್ಗದ ಆಕಾಶವಾಣಿಯ ಎಫ್ಎಂ 102.6ರಲ್ಲಿ ಚಿಂತನ ಮುಗಿಯುವವರೆಗೆ ಅತ್ತೆ ಯಾರನ್ನೂ ಮಾತಾಡಗೊಡುವುದಿಲ್ಲ. ಐದು ನಿಮಿಷದ ಮಾತು ಅಷ್ಟೇ, ಆದರೆ ಅದರ ಮೇಲೆ ಅವರ ಇಡೀ ದಿನದ ವಿಚಾರ ನಡೆಯುತ್ತದೆ. ಅಡುಗೆ ಕೆಲಸ ಮುಗಿಸಿಕೊಂಡು ನಾನು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಶಿವಮತ ಭೈರವ ರಾಗ ಕೇಳಿದೆ. ಮನ್ಸೂರರು ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿದ್ದವರು. ಆ ನಿಲಯ ಶುರುವಾದದ್ದು 1950ರ ಜನವರಿ 8ಕ್ಕೆ. ಅಂಥವರು ಒಂದು ನಿಲಯದ ಒಳಗೇ ಓಡಾಡಿಕೊಂಡಿದ್ದರು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವರ ಹಾಡಿಕೆಯಲ್ಲಿ ತಾನು ಎಲ್ಲಿ ಉಸಿರು ತೆಗೆದುಕೊಂಡೆ ಎಂದು ತೋರಿಸಿಕೊಳ್ಳುವುದೇ ಇಲ್ಲ. ಒಂದು ತಾನ, ಅಂದರೆ ಸ್ವರಗಳ ವೇಗದ ಸರಣಿ, ಮುಗಿಯಿತು ಅನ್ನುವಷ್ಟರಲ್ಲಿ ಅದರ ಬಾಲದಿಂದಲೇ ಇನ್ನೊಂದು ಹೊರಟಿರುತ್ತದೆ.

ಇವತ್ತು ಬರೆಯಬೇಕೆನಿಸಿದ್ದು ಮಾತ್ರ ಮಧ್ಯಾಹ್ನದ ಸಂಗೀತದ ಬಗ್ಗೆ.

ಫೋನಿನಲ್ಲಿ ಧಾರವಾಡ ಹಚ್ಚಿದ್ದೆ. ಕಲಾವಿದರ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಎದುರು ಮನೆಯವರು ಅಳತೆ ಬ್ಲೌಸ್ ಕೊಡಲು ಬಂದರು, ಹೆಸರು ಕಿವಿಗೆ ಬೀಳಲಿಲ್ಲ. ನಡುವಯಸ್ಸಿನ ಹೆಣ್ಣುದನಿ. ರಾಗ ವೃಂದಾವನಿ ಸಾರಂಗ. ಗಾಂಧಾರವೂ (ಗ) ಇಲ್ಲ, ಧೈವತವೂ (ಧ) ಇಲ್ಲ. ಏರುವಾಗ ಶುದ್ಧ ನಿಷಾದ (ನಿ), ಇಳಿಯುವಾಗ ಅದಕ್ಕಿಂತ ತಗ್ಗಿನ ಕೋಮಲ ನಿಷಾದ. ಇಷ್ಟೇ ಸ್ವರಗಳಲ್ಲಿ ಅರ್ಧ ಗಂಟೆ. ನಿಧಾನ ಲಯದ ವಿಲಂಬಿತ ಏಕತಾಳದ ಹನ್ನೆರಡು ಮಾತ್ರೆ ಉರುಳುವಷ್ಟರಲ್ಲಿ ನಾನು ಒಂದು ಹುಕ್ಕು ಹಾಕಿ ಗಂಟು ಬಿಗಿಯುತ್ತಿದ್ದೆ. ಆಕೆ ರಿಷಭದ (ರಿ) ಮೇಲೆ ಬಂದು ನಿಂತಾಗಲೆಲ್ಲ ಸೂಜಿಯೂ ನಿಲ್ಲುತ್ತಿತ್ತು. ಹೊರಗೆ ಕಣ್ಣು ಬಿಡಲಾರದ ಬಿಸಿಲು, ದುರ್ಗದ ಬಂಡೆಗಳು ಕಾದಿರುವ ಹೊತ್ತು. ಆ ರಾಗಕ್ಕೆ ಅದೇ ಹೊತ್ತು ಯಾಕೆ ಎಂದು ಯಾರೂ ಬಿಡಿಸಿ ಹೇಳುವುದು ಬೇಡ.

ಈ ಹೊತ್ತಿನ ರಾಗಗಳನ್ನು ಬೇರೆ ಎಲ್ಲಿ ಕೇಳಬೇಕು? ಊರಿನಲ್ಲಾಗಲಿ ದಾವಣಗೆರೆಯಲ್ಲಾಗಲಿ ಕಚೇರಿ ಇಡುವುದು ಸಂಜೆ, ಎಲ್ಲರಿಗೂ ಕೆಲಸ ಮುಗಿದ ಮೇಲೆ. ಹಾಗಾಗಿ ಯಮನ್, ಬಿಹಾಗ್, ಬಾಗೇಶ್ರೀ ನಮಗೆ ಮತ್ತೆ ಮತ್ತೆ ಸಿಗುತ್ತವೆ. ಸಾರಂಗದ ಬಗೆಗಳು, ಭೀಮಪಲಾಸ್, ಮುಲ್ತಾನಿ ಇವುಗಳಿಗೆ ವೇದಿಕೆಯೇ ಇಲ್ಲ. ಹೊತ್ತು ನೋಡಿ ಹಾಡುವ ಹಿಂದೂಸ್ತಾನಿ ಪದ್ಧತಿಯಲ್ಲಿ ಸಂಜೆ ಏಳಕ್ಕೆ ಯಾರೂ ಸಾರಂಗ ಎತ್ತಿಕೊಳ್ಳುವುದಿಲ್ಲ. ರೇಡಿಯೊ ಮಾತ್ರ ಮಧ್ಯಾಹ್ನದಲ್ಲೂ ಎಚ್ಚರವಾಗಿರುತ್ತದೆ, ಆ ಹೊತ್ತನ್ನೂ ಅದು ತುಂಬಬೇಕು. ಆ ಅಗತ್ಯಕ್ಕೆ ಎಷ್ಟೋ ಕಲಾವಿದರು ಈ ರಾಗಗಳನ್ನು ಸಾಧನೆ ಮಾಡಿದರು, ಸ್ಟುಡಿಯೊದಲ್ಲಿ ಹಾಡಿಟ್ಟರು. ಅವರಲ್ಲಿ ದೊಡ್ಡ ಹೆಸರಿನವರಷ್ಟೇ ಇಲ್ಲ. ಹೆಸರಿಗಿಂತ ದನಿ ಮುಖ್ಯ ಎಂದು ಧ್ವನಿಪರೀಕ್ಷೆ ನಡೆಸಿ, ಬಿ, ಬಿ-ಹೈ, ಎ ಎಂದು ದರ್ಜೆ ಕೊಟ್ಟು ಜಿಲ್ಲೆಯ ಕಲಾವಿದರನ್ನೂ ಹಾಡಿಸುವ ಜಾಗ ಆಕಾಶವಾಣಿ. ಮಧ್ಯಾಹ್ನದ ಸಂಗೀತವನ್ನು ಕೇಳುವವರಿಲ್ಲ ಎಂದು ಯಾರಾದರೂ ಕತ್ತರಿಸಿದರೆ, ಹೋಗುವುದು ಒಂದು ಕಾರ್ಯಕ್ರಮವಲ್ಲ, ಹತ್ತಾರು ರಾಗಗಳು ಅಭ್ಯಾಸದಿಂದಲೇ ಹೋಗುತ್ತವೆ. ಕೇಳುವವರು ಇದ್ದೇವೆ. ಹೊಲಿಯುವವರು, ಬೀಡಿ ಕಟ್ಟುವವರು, ಹಾಸಿಗೆ ಹಿಡಿದವರ ಹತ್ತಿರ ಕೂತವರು, ನಾವೆಲ್ಲ ಆ ಹೊತ್ತಿನಲ್ಲೇ ಕೇಳುವವರು.

ಸಾಥಿಗೆ ಹಾರ್ಮೋನಿಯಂ ಇತ್ತು. 1940ರಿಂದ ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ಅದಕ್ಕೆ ಪ್ರವೇಶವೇ ಇರಲಿಲ್ಲ. ಅದರದು ಒತ್ತುವ ಮನೆಗಳಲ್ಲಿ ಕೂತ ಸ್ವರ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ, ನಮ್ಮ ಶ್ರುತಿಗೆ ಹೊಂದುವುದಿಲ್ಲ ಎಂದು ವಾದ. ವಾದ ಸುಳ್ಳಲ್ಲ. ಆದರೂ ಅದನ್ನು ಹೊರಗಿಟ್ಟದ್ದು ತಪ್ಪೇ ಎನ್ನುತ್ತೇನೆ. ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿದ ಸೀಮೆ ನಮ್ಮದು, ಮಠದ ಪುರಾಣದಲ್ಲಿ ಗವಾಯಿಗಳ ಹಾರ್ಮೋನಿಯಂ ಪೆಟ್ಟಿಗೆ ಕೇಳಿ ಬೆಳೆದ ಸೀಮೆ. ಇಲ್ಲಿನ ಕಿವಿಗೆ ಸ್ವರಜ್ಞಾನ ಬಂದದ್ದೇ ಆ ಪೆಟ್ಟಿಗೆಯಿಂದ.

ವೇಗದ ಲಯದ ದ್ರುತ್ ಬಂದಿಶ್ ಶುರುವಾದಾಗ ಅತ್ತೆ ಮಲಗಿದ್ದಲ್ಲಿಂದಲೇ ಕೇಳಿದರು.

“ಭಾಗ್ಯದ ಲಕ್ಷ್ಮಿ ಬಾರಮ್ಮ ಧಾಟಿ ಇದ್ದಂಗೈತಲ್ಲವ್ವ?”

“ಹೂಂ ಅತ್ತೆ, ಹೆಚ್ಚುಕಮ್ಮಿ ಅದೇ ಸ್ವರ. ಆ ಕಡೆಯೋರು ಇದನ್ನ ಮಧ್ಯಾಹ್ನ ಹಾಡ್ತಾರೆ.”

“ಹಾಡ್ಲಿ ಬಿಡು. ಲಕ್ಷ್ಮಿ ಮಧ್ಯಾಹ್ನ ಬಂದ್ರೂ ಬ್ಯಾಡ ಅಂತೀವಾ?”

ಸಂಗೀತ ಪಾಠ ಒಂದೂ ಕಲಿಯದ ಹೆಂಗಸು. ಆ ಹಾಡಿನ ಕರ್ನಾಟಕಿ ರಾಗ ಮಧ್ಯಮಾವತಿಯ ಸ ರಿ ಮ ಪ ನಿ, ಅದಕ್ಕೆ ಶುದ್ಧ ನಿಷಾದ ಒಂದು ಸೇರಿದರೆ ಈ ಸಾರಂಗ. ದಕ್ಷಿಣದ ಕಚೇರಿಯಲ್ಲಿ ಮಧ್ಯಮಾವತಿ ಬಂತೆಂದರೆ ಮಂಗಳ ಹಾಡಿ ಏಳುವ ಹೊತ್ತು. ಉತ್ತರದಲ್ಲಿ ಅದೇ ಸ್ವರಗಳು ನೆತ್ತಿಯ ಮೇಲಿನ ಸೂರ್ಯನಿಗೆ. ತುಂಗಭದ್ರೆಯ ಆಚೆ ಹಿಂದೂಸ್ತಾನಿ, ಈಚೆ ಕರ್ನಾಟಕಿ ಎಂದು ಸಲೀಸಾಗಿ ಗೆರೆ ಎಳೆಯುವವರು ನಡುನಾಡಿನ ನಮ್ಮನ್ನು ಮರೆತುಬಿಡುತ್ತಾರೆ. ಗದಗಿನ ಪಂಚಾಕ್ಷರ ಗವಾಯಿಗಳು ಎರಡನ್ನೂ ಕಲಿತು ಎರಡನ್ನೂ ಕಲಿಸಿದವರು. ಕಲಿಯಲು ಅಲ್ಲಿಗೆ ಹೋಗಲಾಗದ ನಮ್ಮಂಥವರಿಗೆ ಒಂದು ಮುಳ್ಳು ತಿರುಗಿಸಿದರೆ ಧಾರವಾಡ, ಇನ್ನೊಂದಿಷ್ಟು ತಿರುಗಿಸಿದರೆ ಭದ್ರಾವತಿ, ಬೆಂಗಳೂರು. ಅತ್ತೆಯ ಕಿವಿ ತಯಾರಾದದ್ದು ಹಾಗೆ.

ಸಂಜೆ ಗಾಂಧೀಜಿಯ ಬಗ್ಗೆ ಭಾಷಣವಿತ್ತು. 1947ರ ನವೆಂಬರ್ 12ರಂದು ಅವರು ದೆಹಲಿಯ ಆಕಾಶವಾಣಿ ಭವನಕ್ಕೆ ಹೋಗಿ, ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರನ್ನು ಉದ್ದೇಶಿಸಿ ಮಾತಾಡಿದರು. ತಾವೇ ಅಲ್ಲಿಗೆ ಹೋಗಲಾಗದ್ದಕ್ಕೆ ಹೀಗೆ. ಆ ಭವನಕ್ಕೆ ಅವರು ಹೋದದ್ದು ಅದೊಂದೇ ಸಲ. ಆ ದಿನವನ್ನೇ ಈಗ ಸಾರ್ವಜನಿಕ ಪ್ರಸಾರ ದಿನ ಎನ್ನುತ್ತಾರೆ. ಭಾಷಣ ಮಾಡಿದವರು ಹಾಳೆ ನೋಡಿಯೇ ಓದುತ್ತಿದ್ದರು, ಆದರೆ ಕಿವಿಗೆಂದು ಬರೆದ ಹಾಳೆ. ಚಿಕ್ಕ ಚಿಕ್ಕ ವಾಕ್ಯ. ಇಸವಿಯನ್ನು ಎರಡು ಸಲ ಹೇಳಿದರು. ಕೇಳುವವರು ಹಿಂದಿನ ಪುಟ ತಿರುವಿ ನೋಡಲಾರರು ಎಂಬ ಕನಿಕರ ಬರೆದವರಿಗೆ ಇತ್ತು. ಹಾಗೆ ಮಾತಾಡುವುದು ಒಂದು ವಿದ್ಯೆ. ಗಂಟೆಗಟ್ಟಲೆ ಮೈಕು ಬಿಡದ ಸಭೆಗಳನ್ನು ಕಂಡ ಮೇಲೆ ಅದರ ಬೆಲೆ ಇನ್ನೂ ಗೊತ್ತಾಗುತ್ತದೆ.

ಆಮೇಲೆ ಕೃಷಿಯ ಮಾತು, ಕಡಲೆಗೆ ಬೀಳುವ ಕಾಯಿಕೊರಕದ ಮೇಲೆ. ಹೊಲದಲ್ಲಿ ಹಕ್ಕಿ ಕೂರಲು ಗೂಟ ನೆಡಿ, ಮಂಡಕ್ಕಿ ಎರಚಿ, ತಿನ್ನಲು ಬಂದ ಹಕ್ಕಿಗಳು ಹುಳವನ್ನೂ ಹೆಕ್ಕುತ್ತವೆ ಎಂದರು. ಎರೆಹೊಲ ಇರುವ ನನ್ನ ತಮ್ಮನಿಗೆ ಕೂಡಲೇ ಫೋನ್ ಮಾಡಿ ಹೇಳಿದೆ.

ರಾತ್ರಿ ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ರಾಗಂ ವಾಹಿನಿಯಲ್ಲಿ ಮೈಸೂರು ಬಾನಿಯ, ಅಂದರೆ ಮೈಸೂರು ಶೈಲಿಯ, ವೀಣೆ ಬಂತು, ದೊರೆಸ್ವಾಮಿ ಅಯ್ಯಂಗಾರ್ಯರದು. ಮೀಟು ಹಗುರ, ನಾದ ಮಾತ್ರ ಉದ್ದ. ಒಂದು ರಾಗ ಪೂರ್ತಿ ಕೇಳಿ ಎದ್ದೆ, ಇನ್ನೂ ಎರಡು ಬ್ಲೌಸಿಗೆ ಲೈನಿಂಗ್ ಕತ್ತರಿಸಬೇಕಿತ್ತು.

ಮಲಗುವ ಮುಂಚೆ ಧಾರವಾಡಕ್ಕೊಂದು ಕಾರ್ಡು ಬರೆದಿದ್ದೇನೆ. ಮಧ್ಯಾಹ್ನ ಸಾರಂಗ ಹಾಡಿದವರ ಹೆಸರೇನು, ಯಾವ ಊರು, ಅವರದೇ ಮುಲ್ತಾನಿ ನಿಮ್ಮಲ್ಲಿದ್ದರೆ ದಯವಿಟ್ಟು ಪೂರ್ತಿ ಹಾಕಿ, ಮಧ್ಯೆ ನಿಲ್ಲಿಸಬೇಡಿ ಎಂದು ಕೇಳಿದ್ದೇನೆ. ನಾಳೆ ನೆಲ್ಲಿ ಕೊಂಬೆ, ಕಬ್ಬು ತರಲು ಸಂತೆಪೇಟೆ ಕಡೆ ಹೋಗುವಾಗ ಡಬ್ಬಿಗೆ ಹಾಕಬೇಕು.