ಇದೆಲ್ಲ ನಿಜವಾಗ್ಲೂ ನಡೆದದ್ದಾ?

ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತಿರುವಾಗ ಯಾರಾದರೊಬ್ಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬರುತ್ತಾರೆ. "ನೀನು ಬರೆಯೋದನ್ನ ಓದ್ತಾ ಇರ್ತೇನೆ. ಅದೆಲ್ಲ ನಿಜವಾಗ್ಲೂ ನಡೆದದ್ದಾ?" ಕೇಳುವಾಗ ದನಿ ಸ್ವಲ್ಪ ತಗ್ಗಿರುತ್ತದೆ. ಹೌದು ಅಂದರೆ, "ಅಯ್ಯೋ, ಮನೆ ವಿಷಯ ಹೀಗೆಲ್ಲ ಬರೀಬಹುದಾ?" ಅನ್ನುತ್ತಾರೆ. ಇಲ್ಲ ಅಂದರೆ ಮುಖ ಸಪ್ಪಗಾಗುತ್ತದೆ, ಕೊಂಡ ಹಣ್ಣು ಒಳಗೆ ಕೊಳೆತಿದ್ದ ಹಾಗೆ. ಬರೆದರೆ ದುಡ್ಡು ಬರುತ್ತಾ ಅಂತಲೂ ಕೇಳುವವರಿದ್ದಾರೆ. ಅದಕ್ಕೆ ಉತ್ತರ ಸುಲಭ, ಇಲ್ಲ. ಆದರೆ ಈ ಮೊದಲನೇ ಪ್ರಶ್ನೆಯಿಂದ ಇಷ್ಟು ವರ್ಷ "ಪಂಕ್ತಿ ಎದ್ದಿತು ನೋಡಿ" ಅಂತ ಜಾರಿಕೊಂಡೇ ಬಂದಿದ್ದೇನೆ. ಇವತ್ತು ಕೂತು ಹೇಳುತ್ತೇನೆ.

ನಮ್ಮದು ಶಿರಸಿ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ನಾನಿರುವುದು ಕಾರವಾರದಲ್ಲಿ, ಕೆಲಸದ ಸಲುವಾಗಿ. ಬೇಸಿಗೆಯಲ್ಲಿ ಎರಡು ದಿನ ರಜೆ ಸಿಕ್ಕರೆ ದೊಡ್ಡಮ್ಮನ ಮನೆಗೆ ಹೋಗುತ್ತೇನೆ. ಆಗ ಅಲ್ಲಿ ಹಲಸಿನ ಹಪ್ಪಳದ ಕಾಲ. ಬೆಳೆದ ಕಾಯಿಯನ್ನು ಹೆಚ್ಚಿ, ಕೈಗೆ ಎಣ್ಣೆ ಸವರಿಕೊಂಡು ಮೇಣದಿಂದ ಸೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಹಾಕಿ ರುಬ್ಬಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಅಂಗಳದ ಚಾಪೆಯ ಮೇಲೆ ಹರವುತ್ತಾರೆ. ಎರಡು ಮೂರು ಬಿಸಿಲು ಕಾದ ಮೇಲೆ ದೊಡ್ಡಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಎಣಿಸುತ್ತಾಳೆ. ಒಂದೊಂದಾಗಿ, ತುಟಿ ಅಲ್ಲಾಡಿಸುತ್ತ. ಮಧ್ಯೆ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ ಸುಮ್ಮನಿರಿಸುತ್ತಾಳೆ.

ಏಳೆಂಟು ವರ್ಷದ ಹಿಂದೆ ಅದನ್ನು ಬರೆದೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ, ಮೊಬೈಲಿನಲ್ಲೇ ಕುಟ್ಟಿದೆ. ಕಾರವಾರ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಹಾಕಿಯೇ ಬಿಟ್ಟೆ. ಬ್ಯಾಂಕಿನವರೂ ಇಷ್ಟು ಎಣಿಸಲಿಕ್ಕಿಲ್ಲ, ಹಪ್ಪಳಕ್ಕೂ ಆಡಿಟ್ ಇದೆ ಅಂತೆಲ್ಲ ತಮಾಷೆ. ಆ ದಿನ ಇದ್ದದ್ದು ಇನ್ನೂರ ಹನ್ನೆರಡು ಹಪ್ಪಳ, ಅದನ್ನೂ ಬರೆದಿದ್ದೆ. ಓದಿದವರು ತುಂಬ ನಕ್ಕರು. ನಮ್ಮ ಕಡೆಯ ಒಬ್ಬ ಹುಡುಗ ಉಪನಯನದ ಮನೆಯಲ್ಲಿ ಇಪ್ಪತ್ತು ಜನರ ನಡುವೆ ಗಟ್ಟಿಯಾಗಿ ಓದಿ ಹೇಳಿದ. ಆ ಇಪ್ಪತ್ತು ಜನರಲ್ಲಿ ದೊಡ್ಡಮ್ಮನೂ ಇದ್ದಳು.

ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಫೋನ್ ಮಾಡಿದರೆ ತೋಟಕ್ಕೆ ಹೋಗಿರುತ್ತಿದ್ದಳು, ರಾತ್ರಿ ಎಂಟಕ್ಕೂ. ಮಳೆಗಾಲ ಕಳೆದು ದೀಪಾವಳಿಗೆ ಹೋದಾಗ, ಅಡುಗೆ ಮನೆಯಲ್ಲಿ ನನ್ನ ಕಡೆ ತಿರುಗದೇ ಹೇಳಿದಳು: "ಎಣಸಿದ್ದು ಹೌದು. ಎಂತಕ್ಕೆ ಹೇಳಿ ನೀ ಬರದ್ದೇ ಇಲ್ಲೆ."

ಯಾಕೆ ಅಂದರೆ ಇದು. ಅವರು ನಾಲ್ವರು ಅಕ್ಕತಂಗಿಯರು. ಅಜ್ಜಿ ಇದ್ದಾಗ ಮೊದಲು ಬಂದವರ ಚೀಲ ಮೊದಲು ತುಂಬುತ್ತಿತ್ತು. ಕೊನೆಗೆ ಬರುತ್ತಿದ್ದವಳು ಎಲ್ಲರಿಗಿಂತ ಚಿಕ್ಕವಳು, ಎರಡು ಬಸ್ಸು ಬದಲಿಸಿ ಬರಬೇಕು. ಅವಳಿಗೆ ಸಿಗುತ್ತಿದ್ದದ್ದು ತಳದಲ್ಲಿ ಉಳಿದ ಚೂರು. ಒಂದು ವರ್ಷ ಅವಳು ಆ ಚೂರನ್ನೂ ಅಲ್ಲೇ ಬಿಟ್ಟು ಹೋದಳಂತೆ. ಅಜ್ಜಿ ಹೋದ ಮೇಲೆ ದೊಡ್ಡಮ್ಮ ಎಣಿಸಲು ಶುರು ಮಾಡಿದ್ದು. ನಾಲ್ಕು ಸಮ ಪಾಲು. ಮುರಿದದ್ದೆಲ್ಲ ದೊಡ್ಡಮ್ಮನ ಪಾಲಿಗೆ.

ನಮ್ಮ ಮನೆಗೆ ಬರುತ್ತಿದ್ದ ಕಟ್ಟಿನಲ್ಲಿ ಮುರಿದ ಹಪ್ಪಳ ಒಂದೂ ಇರುತ್ತಿರಲಿಲ್ಲ. ಅಷ್ಟು ವರ್ಷ ತಿಂದಿದ್ದೇನೆ, ಗಮನಿಸಿರಲಿಲ್ಲ.

ಈಗ ಹೇಳಿ, ನಾನು ಬರೆದದ್ದು ನಿಜವಾಗ್ಲೂ ನಡೆದದ್ದೇ ಅಲ್ವಾ? ಒಂದಕ್ಷರ ಸುಳ್ಳಿರಲಿಲ್ಲ. ಇನ್ನೂರ ಹನ್ನೆರಡೂ ಸರಿ. ಆದರೆ ಓದಿದವರಿಗೆ ಸಿಕ್ಕಿದ್ದು ಒಬ್ಬ ಜಿಪುಣ ಮುದುಕಿ. ಅಂಥ ಮುದುಕಿ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ.

ಇದರ ಉಲ್ಟಾ ಕೂಡ ಆಗಿದೆ. ನನ್ನ ಬರಹಗಳಲ್ಲಿ ಬರುವ ಮೀನು ಮಾರುವ ಹೆಂಗಸು ಇದ್ದಾಳಲ್ಲ, ಬಾಂಗಡೆ ಬುಟ್ಟಿಯ ಪಕ್ಕ ಮಲ್ಲಿಗೆ ದಂಡೆ ಇಟ್ಟುಕೊಂಡು ಗಿರಾಕಿಗಳಿಗೆ ಬೈಯುವವಳು, ಅವಳು ಒಬ್ಬಳಲ್ಲ. ಮೂವರನ್ನು ಸೇರಿಸಿ ಮಾಡಿದ್ದು. ಮಾತು ಒಬ್ಬಳದು, ಮಲ್ಲಿಗೆ ಇನ್ನೊಬ್ಬಳದು, ಮಗನ ಕತೆ ಅಂಕೋಲಾ ಬಸ್ಸಿನಲ್ಲಿ ಕೇಳಿದ್ದು. ಕಾರವಾರದವರು ಮಾತ್ರ "ಅವಳು ನಮಗೆ ಗೊತ್ತು ಮಾರಾಯ, ದಿನಾ ಅವಳ ಹತ್ರಾನೇ ತಗೊಳ್ಳೋದು" ಅನ್ನುತ್ತಾರೆ. ಇರಬಹುದು, ನಾನು ಬೇಡ ಅನ್ನುವುದಿಲ್ಲ.

ಹಾಗಂತ ಏನು ಬೇಕಾದರೂ ಸೇರಿಸಬಹುದು ಅಂತ ಅಲ್ಲ. ಒಮ್ಮೆ ಅದೇ ಹೆಂಗಸಿನ ಬಗ್ಗೆ ಬರೆಯುತ್ತ, ಜುಲೈ ತಿಂಗಳ ಮಳೆಯಲ್ಲಿ ಟ್ರಾಲರ್ ಬೋಟುಗಳು ಸಾಲಾಗಿ ದಡಕ್ಕೆ ಬರುವುದನ್ನು ಭಾರೀ ವರ್ಣನೆ ಮಾಡಿದ್ದೆ. ಬೈತಕೋಲ ಬಂದರಿನ ಕಡೆಯವರೊಬ್ಬರು ಒಂದೇ ಸಾಲು ಕಳಿಸಿದರು: "ಜೂನ್ 1ರಿಂದ ಜುಲೈ 31ರ ತನಕ ಬಂದ್ ಇರ್ತದೆ, ನಿಮ್ಮ ಬೋಟು ಎಲ್ಲಿಂದ ಬಂತು?" ಹೌದು, ಮೀನು ಮೊಟ್ಟೆಯಿಡುವ ಕಾಲ ಅಂತ ಆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನು ತಿನ್ನದ ಘಟ್ಟದ ಮೇಲಿನವರು ಮೀನಿನ ಬಗ್ಗೆ ಬರೆಯಲು ಹೋದರೆ ಹೀಗೇ ಆಗುವುದು. ಮೂವರನ್ನು ಒಬ್ಬಳು ಮಾಡಿದ್ದಕ್ಕೆ ಯಾರೂ ತಕರಾರು ಮಾಡಲಿಲ್ಲ. ಬೋಟಿಗೆ ಮಾತ್ರ ಸಿಕ್ಕಿಬಿದ್ದೆ. ಸಿಕ್ಕಿಬಿದ್ದದ್ದು ನ್ಯಾಯವೇ.

ಹಪ್ಪಳದ್ದು ಎಲ್ಲಿ ತಪ್ಪಿತು ಅಂತ ಯೋಚಿಸುವಾಗ ಕಾರವಾರದ್ದೇ ಒಂದು ಹಳೇ ಸಂಗತಿ ನೆನಪಾಗುತ್ತದೆ. ರವೀಂದ್ರನಾಥ ಟ್ಯಾಗೋರರು 1880ರ ದಶಕದ ಶುರುವಿನಲ್ಲಿ ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್. ತಮ್ಮನಿಗೆ ಆಗ ಇಪ್ಪತ್ತರ ಮೇಲೆ ಒಂದೋ ಎರಡೋ. ಇಲ್ಲೇ ಒಂದು ನಾಟಕ ಬರೆದರು ಅನ್ನುವುದು ಊರಲ್ಲಿ ಎಲ್ಲರಿಗೂ ಗೊತ್ತು, ಬೀಚಿಗೆ ಅವರದೇ ಹೆಸರು. ನನಗೆ ಇಷ್ಟವಾದದ್ದು ಬೇರೆ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿ ಮೇಲೆ ಹೋಗಿ, ಒಬ್ಬ ರೈತನ ಗುಡಿಸಿಟ್ಟ ಅಂಗಳದಲ್ಲಿ ಕೂತು ತಂದ ಬುತ್ತಿ ತಿಂದು, ಅಳಿವೆಯಿಂದ ಮರಳಿನ ಮೇಲೆ ನಡೆದು ಮನೆಗೆ ಬಂದರು. ನಿದ್ದೆ ಬರಲಿಲ್ಲ. ಅವತ್ತೇ ರಾತ್ರಿ ಕವಿತೆ ಬರೆದರು. ಮೂರು ದಶಕದ ಹತ್ತಿರ ಆದ ಮೇಲೆ, 1912ರಲ್ಲಿ ಪುಸ್ತಕವಾದ ನೆನಪುಗಳಲ್ಲಿ ಆ ಕವಿತೆಯ ಬಗ್ಗೆ ಸಣ್ಣ ಅನುಮಾನ ತೆಗೆಯುತ್ತಾರೆ. ಭಾವನೆ ಬಿಸಿ ಇರುವಾಗ ಅದಕ್ಕೆ ಅಷ್ಟು ಹತ್ತಿರ ಕೂತು ಬರೆದದ್ದು ಒಳ್ಳೆಯದೇ ಆಗಬೇಕೆಂದಿಲ್ಲ, ಬಣ್ಣ ಹಚ್ಚುವ ಕೆಲಸ ನೆನಪಿನದು ಅನ್ನುವ ಅರ್ಥದ ಮಾತು.

ಅವರದು ಬೆಳದಿಂಗಳು, ನನ್ನದು ಹಪ್ಪಳ. ತಪ್ಪು ಮಾತ್ರ ಅದೇ. ಅವತ್ತೇ ಬರೆದದ್ದು.

ಕತೆಗಾರ ಯಶವಂತ ಚಿತ್ತಾಲರು ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಬರೆದದ್ದು ಮುಂಬಯಿಯಲ್ಲಿ ಕೂತು. ಅಷ್ಟು ದೂರ ಹೋಗುವ ಯೋಗ ನನಗಿಲ್ಲ. ನನ್ನ ಪಾಲಿಗೆ ಇರುವುದು ಒಂದು ಘಟ್ಟದ ದೂರ, ಅದು ಸಾಲುವುದಿಲ್ಲ. ಅದಕ್ಕೇ ಒಂದು ಮಳೆಗಾಲದ ದೂರ ಇಟ್ಟುಕೊಂಡಿದ್ದೇನೆ. ಏನಾದರೂ ಕಂಡರೆ, ಕೇಳಿದರೆ ನೋಟ್‌ಬುಕ್ಕಿನಲ್ಲಿ ಎರಡು ಮಾತು ಗೀಚಿ ಮುಚ್ಚಿಡುತ್ತೇನೆ. "ಬಸ್ಸು, ಮುದುಕ, ಕರಿ ಈಶಾಡ ಮಾವು ಮೂಸಿ ನೋಡಿದ್ದು", ಇಷ್ಟೇ. ಕಾರವಾರದ ಮಳೆಗೆ ಬೂಸು ಹಿಡಿಯದ ವಸ್ತು ಇಲ್ಲ. ಚಪ್ಪಲಿ, ಬೆಲ್ಟು, ದೇವರ ಫೋಟೋ, ಎಲ್ಲಕ್ಕೂ ಹಿಡಿಯುತ್ತದೆ. ನೋಟ್‌ಬುಕ್ಕೂ ಬೆಳ್ಳಗಾಗುತ್ತದೆ. ಅಕ್ಟೋಬರಿನಲ್ಲಿ ಒಣಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು ತೆರೆದರೆ ಅರ್ಧ ಯಾಕೆ ಬರೆದಿಟ್ಟೆ ಅಂತಲೇ ತಿಳಿಯುವುದಿಲ್ಲ. ಶಾಯಿ ಹರಡಿದರೂ ಯಾವುದು ಪಕ್ಕನೆ ನೆನಪಾಗುತ್ತದೋ ಅದನ್ನು ಬರೆಯುತ್ತೇನೆ. ಅಷ್ಟರಲ್ಲಿ ಕೆಲವು ಸಲ "ಎಂತಕ್ಕೆ" ಅನ್ನುವುದೂ ಗೊತ್ತಾಗಿರುತ್ತದೆ. ಬರೆಯುವುದು ಇದರಿಂದ ತುಂಬ ಕಡಿಮೆಯಾಗಿದೆ. ವರ್ಷಕ್ಕೆ ಹತ್ತು ಆದರೆ ಜಾಸ್ತಿ.

ಆದ್ದರಿಂದ, ಪಂಕ್ತಿಗೆ ಕಾಯುವವರೇ, ನಡೆದದ್ದು ಹೌದು, ಆದರೆ ಹೋದ ವರ್ಷ. ಮತ್ತೆ ಅದರಲ್ಲಿರುವುದು ನೀವಲ್ಲ. ನೀವು ಆಗಿದ್ದರೂ ನಿಮ್ಮ ಮಲ್ಲಿಗೆ ಬೇರೆಯವರ ತಲೆಯಲ್ಲಿರುತ್ತದೆ.

ಇಲ್ಲಿ ಬರೆದ ದೊಡ್ಡಮ್ಮನ ಕತೆಯನ್ನು ಈ ಸಲ ಅವಳಿಗೇ ಮೊದಲು ಓದಿ ಹೇಳಿದೆ. ಚೂರು ಬಿಟ್ಟು ಹೋದದ್ದನ್ನು ಬರೆಯಲು ಒಂದು ವಾರ ಒಪ್ಪಲಿಲ್ಲ. ಆಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿ, ಅಡ್ಡಿಲ್ಲ ಅಂದಳು. ಈಗ ಅವಳ ಕಣ್ಣಿಗೆ ಮಂಜು, ಎಣಿಸುವ ಕೆಲಸ ನನ್ನದು. ಕಳೆದ ಮೇ ತಿಂಗಳಲ್ಲಿ ಜಗಲಿಯಲ್ಲಿ ಕೂತು ಎಣಿಸುತ್ತಿದ್ದೆ. ಅರವತ್ತೆಂಟೋ ಅರವತ್ತೊಂಬತ್ತೋ ಆಗಿತ್ತು. ಗೋಡೆಗೆ ಒರಗಿ ಕೂತವಳು, "ಇದ್ನೂ ಬರೀತ್ಯ?" ಅಂದಳು. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ.