ತಂಡದ ಹೊರಗಿದ್ದ ವರ್ಷಗಳು

1990ರ ಆಗಸ್ಟ್‌ನಲ್ಲಿ ಅನಿಲ್ ಕುಂಬ್ಳೆಯವರು ಮ್ಯಾಂಚೆಸ್ಟರ್‌ನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದಾಗ ನಾನು ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ನಮ್ಮದೇ ಊರಿನ, ಕನ್ನಡಕ ಹಾಕಿಕೊಂಡು ಆಡುವ, ಇನ್ನೂ ಎಂಜಿನಿಯರಿಂಗ್ ಓದುತ್ತಿದ್ದ ಹತ್ತೊಂಬತ್ತರ ತರುಣನೊಬ್ಬ ಭಾರತ ತಂಡ ಸೇರಿದ್ದು ನಮಗೆಲ್ಲ ಮನೆಯವರ ಸುದ್ದಿಯೇ ಆಗಿತ್ತು. ನಮ್ಮ ಕ್ರೀಡಾ ವಿಭಾಗದ ಮೇಷ್ಟ್ರು ಪತ್ರಿಕೆಯಿಂದ ಅವರ ಚಿತ್ರವನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದರು. ಕಾಲೇಜು ತಂಡದಲ್ಲಿ ಅವರಂತೆಯೇ ಲೆಗ್ ಸ್ಪಿನ್ (ಪುಟಿದ ಮೇಲೆ ತಿರುಗುವ ಚೆಂಡು) ಹಾಕುತ್ತಿದ್ದ ನಾನು ದಿನಕ್ಕೆರಡು ಬಾರಿಯಾದರೂ ಅದರ ಮುಂದೆ ನಿಲ್ಲುತ್ತಿದ್ದೆ.

ಆ ಟೆಸ್ಟ್ ಆದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಇನ್ನೊಂದು ಟೆಸ್ಟ್ ಸಿಗಲಿಲ್ಲ. ಫಲಕದ ಮೇಲಿನ ಚಿತ್ರ ಬಿಸಿಲಿಗೆ ಹಳದಿಯಾಯಿತು, ಆದರೂ ಮೇಷ್ಟ್ರು ಅದನ್ನು ತೆಗೆಯಲಿಲ್ಲ. ಅದೇ ಅವಧಿಯಲ್ಲಿ, ಎರಡನೆಯ ವರ್ಷದ ಅಂತರ ಕಾಲೇಜು ಪಂದ್ಯಗಳಿಗೆ ನನ್ನನ್ನೂ ಕೈಬಿಟ್ಟರು. ನನ್ನ ಚೆಂಡು ನೇರವಾಗಿ ಹೋಗುತ್ತದೆ, ತಿರುಗುವುದಿಲ್ಲ ಎಂಬುದು ಕಾರಣ. ಕುಂಬ್ಳೆಯವರ ಬಗ್ಗೆ ಚಹಾದಂಗಡಿಯ ಪಂಡಿತರು ಆಡುತ್ತಿದ್ದ ಮಾತೂ ಅದೇ ಆಗಿದ್ದರಿಂದ ನನ್ನ ನೋವಿನಲ್ಲಿ ಒಂದಿಷ್ಟು ಹೆಮ್ಮೆಯೂ ಬೆರೆತಿತ್ತು.

ಆಗ ಮೇಷ್ಟ್ರು ನನ್ನನ್ನು ಕೂರಿಸಿಕೊಂಡು ಹಳೆಯ ಸ್ಪಿನ್ನರ್ ಪ್ರಸನ್ನ ಅವರ ಕಥೆ ಹೇಳಿದರು. ಎರಾಪಳ್ಳಿ ಪ್ರಸನ್ನ 1962ರಲ್ಲಿ ಎರಡು ಟೆಸ್ಟ್ ಆಡಿ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಮುಗಿಸಲೆಂದು ದೂರ ಸರಿದವರು ಟೆಸ್ಟ್ ಅಂಗಳಕ್ಕೆ ಮರಳಿದ್ದು 1967ರಲ್ಲಿ. ಮರಳಿದ ಮರುವರ್ಷವೇ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪ್ರವಾಸದಲ್ಲಿ ಒಟ್ಟು 49 ವಿಕೆಟ್ ಪಡೆದರು, ಭಾರತ ಮೊದಲ ಬಾರಿಗೆ ಹೊರದೇಶದಲ್ಲಿ ಸರಣಿ ಗೆದ್ದಿತು. "ಅಷ್ಟು ವರ್ಷ ಅವರ ಬೆರಳು ಸುಮ್ಮನಿತ್ತು ಅಂದ್ಕೊಂಡಿದ್ದೀಯೇನಪ್ಪಾ? ನಾಳೆ ಬೆಳಿಗ್ಗೆ ಆರಕ್ಕೆ ನೆಟ್ಸ್‌ಗೆ ಬಾ," ಎಂದರು. ಮರುದಿನದಿಂದ ಚಾಪೆ ಹಾಸಿದ ಮ್ಯಾಟಿಂಗ್ ಪಿಚ್ಚಿನ ಮೇಲೆ ಒಂದೇ ಸ್ಟಂಪ್ ನೆಟ್ಟು, ಅದರ ಮುಂದೆ ಕರವಸ್ತ್ರ ಹಾಸಿ, ಅದರ ಮೇಲೆ ಚೆಂಡು ಬೀಳುವವರೆಗೂ ಹಾಕಿಸಿದರು. ಮ್ಯಾಟಿನ ಮೇಲೆ ಚೆಂಡು ಪುಟಿಯುತ್ತದೆ. ಎತ್ತರದಿಂದ, ವೇಗವಾಗಿ ಹಾಕುವವನಿಗೆ ಆ ಪುಟಿತವೇ ಆಯುಧವಾಗುತ್ತದೆ ಎಂಬುದು ನನಗೆ ಅಲ್ಲಿ ಅರ್ಥವಾಯಿತು. ಕುಂಬ್ಳೆಯವರ ಬೌಲಿಂಗನ್ನು ನಾನು ಸರಿಯಾಗಿ ನೋಡಲು ಕಲಿತದ್ದು ಆ ಬೆಳಗುಗಳಿಂದಲೇ.

1992ರಲ್ಲಿ ದೇಶೀಯ ಕ್ರಿಕೆಟ್ಟಿನ ಇರಾನಿ ಟ್ರೋಫಿಯ ಒಂದೇ ಪಂದ್ಯದಲ್ಲಿ 13 ವಿಕೆಟ್ ಪಡೆದು ಅವರು ಮರಳಿದರು; ಆ ವರ್ಷದ ಕೊನೆಗೆ ಜೋಹಾನ್ಸ್‌ಬರ್ಗ್‌ನ ಟೆಸ್ಟಿನಲ್ಲಿ 53 ರನ್ನಿಗೆ 6 ವಿಕೆಟ್. 1993ರ ಹೀರೋ ಕಪ್ ಫೈನಲ್‌ನ 12 ರನ್ನಿಗೆ 6, 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್, ಇವೆಲ್ಲ ಓದುಗರಿಗೆ ಗೊತ್ತೇ ಇರುವುದರಿಂದ ವಿಸ್ತರಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅದರ ನಂತರದ ಕಾಲ. ಸಾವಿರಾರು ಓವರ್ ಹೊತ್ತ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ, 2001ರ ಆ ಪ್ರಸಿದ್ಧ ಆಸ್ಟ್ರೇಲಿಯಾ ಸರಣಿಯನ್ನು ಅವರು ಹೊರಗಿನಿಂದಲೇ ನೋಡಬೇಕಾಯಿತು. ಆ ಸರಣಿಯಲ್ಲಿ ಇನ್ನೊಬ್ಬ ಸ್ಪಿನ್ನರ್ ಹರ್ಭಜನ್ ಸಿಂಗ್ ಮೂರೇ ಟೆಸ್ಟಿನಲ್ಲಿ 32 ವಿಕೆಟ್ ಪಡೆದರು. ಅಲ್ಲಿಂದ ಮುಂದೆ ವಿದೇಶದ ಪಿಚ್ಚುಗಳಲ್ಲಿ ಒಬ್ಬನೇ ಸ್ಪಿನ್ನರ್ ಸಾಕೆನಿಸಿದಾಗಲೆಲ್ಲ ಕುಂಬ್ಳೆಯವರ ಹೆಸರು ಪ್ರಶ್ನೆಯಾಯಿತು. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ವೆಸ್ಟ್ ಇಂಡೀಸ್‌ನ ಲಾರಾ ಅವರನ್ನು ಔಟ್ ಮಾಡಿದವರು, ಮರುವರ್ಷ ವಿಶ್ವಕಪ್ ಫೈನಲ್‌ನಲ್ಲಿ ಆಡುವ ಹನ್ನೊಂದರಲ್ಲಿರಲಿಲ್ಲ. ಅವರ 619 ವಿಕೆಟ್‌ಗಳಲ್ಲಿ 350 ಭಾರತದಲ್ಲೇ ಬಂದವು ಎಂಬ ಲೆಕ್ಕವನ್ನು ಮುಂದಿಟ್ಟು ವಾದಿಸುವವರು ಇಂದಿಗೂ ಇದ್ದಾರೆ. ಲೆಕ್ಕ ಸರಿಯೇ, ಆದರೆ ಹಾಗೆ ವಾದಿಸುವವರು 2003ರ ಡಿಸೆಂಬರ್‌ನ ಅಡಿಲೇಡ್ ಟೆಸ್ಟನ್ನು ನೋಡಿರಲಾರರು ಎಂದೇ ನನ್ನ ನಂಬಿಕೆ.

ಆ ಸರಣಿಯ ಮೊದಲ ಟೆಸ್ಟಿನಲ್ಲಿ, ಬ್ರಿಸ್ಬೇನ್‌ನಲ್ಲಿ, ಅವರನ್ನು ಆಡಿಸಿರಲಿಲ್ಲ. ಹರ್ಭಜನ್ ಬೆರಳಿಗೆ ಗಾಯವಾದ್ದರಿಂದ ಅಡಿಲೇಡ್‌ನಲ್ಲಿ ಅವಕಾಶ ಬಂತು. ಬೆಳಗಿನ ಜಾವ ಎದ್ದು ಟಿ.ವಿ. ಮುಂದೆ ಕೂತರೆ ಮೊದಲ ದಿನವೇ ಆಸ್ಟ್ರೇಲಿಯಾ 400 ರನ್ ಬಾರಿಸಿತು. ಇನ್ನು ಇವರ ಕಾಲ ಮುಗಿಯಿತೆಂದು ನನಗೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಆ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಅವರು 154 ರನ್ನಿಗೆ 5 ವಿಕೆಟ್ ಪಡೆದಿದ್ದರು, ಭಾರತ ಆ ಪಂದ್ಯ ಗೆದ್ದಿತು. ಅಡಿಲೇಡ್‌ನಲ್ಲಿ ಎರಡೂ ಇನ್ನಿಂಗ್ಸ್ ಸೇರಿ 6, ಮೆಲ್ಬೋರ್ನ್‌ನಲ್ಲಿ 6, ಸಿಡ್ನಿಯಲ್ಲಿ 12, ಹೀಗೆ ಮೂರು ಟೆಸ್ಟಿನಲ್ಲಿ 24 ವಿಕೆಟ್. ಅದಕ್ಕಿಂತ ಮುಖ್ಯವಾಗಿ, ಮೂವತ್ಮೂರರ ವಯಸ್ಸಿನಲ್ಲಿ ಅವರ ಗೂಗ್ಲಿ (ಲೆಗ್ ಸ್ಪಿನ್ನಿಗೆ ವಿರುದ್ಧ ದಿಕ್ಕಿಗೆ ತಿರುಗುವ ಚೆಂಡು) ನಿಧಾನವಾಗಿತ್ತು, ಮೊದಲಿಗಿಂತ ಮೇಲಕ್ಕೆ ಹೋಗಿ ಕೆಳಗಿಳಿಯುತ್ತಿತ್ತು. ಬರಿಯ ವೇಗದಿಂದ ಬದುಕುತ್ತಾರೆ ಎಂದು ಹೇಳಿಸಿಕೊಂಡವರು ಆ ವೇಗವನ್ನೇ ಇಳಿಸಲು ಕಲಿತಿದ್ದರು.

2004ರ ಅಕ್ಟೋಬರ್‌ನಲ್ಲಿ, ನಿವೃತ್ತರಾಗಿದ್ದ ನಮ್ಮ ಮೇಷ್ಟ್ರನ್ನು ಕರೆದುಕೊಂಡು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗಿದ್ದೆ. ಮತ್ತೆ ಆಸ್ಟ್ರೇಲಿಯಾವೇ ಎದುರಾಳಿ. ಕುಂಬ್ಳೆಯವರು 400ನೆಯ ಟೆಸ್ಟ್ ವಿಕೆಟ್ ಪಡೆದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಮೇಷ್ಟ್ರಿಗೆ ಮಂಡಿನೋವು, ನನ್ನ ಹೆಗಲು ಹಿಡಿದುಕೊಂಡು ಎದ್ದರು. ಜನರೆಲ್ಲ ಮತ್ತೆ ಕೂತ ಮೇಲೂ ಅವರು ನಿಂತೇ ಇದ್ದರು. ಮುಂದಿನ ಚೆಂಡು ಬಿದ್ದ ಜಾಗವನ್ನು ಬೆರಳು ಮಾಡಿ ತೋರಿಸುತ್ತಾ, "ನೋಡಿದೆಯಾ, ಕರವಸ್ತ್ರದ ಮೇಲೇ ಬಿತ್ತು," ಎಂದರು.