ಚರ್ಕ್ ಕೋಟೆಗೆ ಹೋದರೆ ಗೇಟಿನ ಮುಂದೆ ಅರ್ಧ ಗಂಟೆ ನಿಲ್ಲಿ

ವೇಲ್ಸ್ ಕಡೆ ಹೋಗುವವರಿಗೆ ಒಂದು ಮಾತು. ಚರ್ಕ್ ಕೋಟೆಗೆ ಕಾರಲ್ಲಿ ಹೋಗಬೇಡಿ, ರೈಲಲ್ಲಿ ಹೋಗಿ. ಮೊದಲ ಸಲ ನಾವು ಕಾರಲ್ಲಿ ಹೋದಾಗ ಕೋಟೆಯ ಹಳೆಯ ಕಬ್ಬಿಣದ ಗೇಟು ಕಿಟಕಿಯಾಚೆ ಸರಕ್ಕನೆ ಹಾದುಹೋಯಿತು. ಆ ಕೊರಗು ಉಳಿದಿದ್ದಕ್ಕೇ ಈ ಸಲ ಮತ್ತೆ ಹೋದೆ.

ಚರ್ಕ್ ಸ್ಟೇಷನ್ ಇರುವುದು ಶ್ರೂಸ್‌ಬರಿ–ಚೆಸ್ಟರ್ ದಾರಿಯಲ್ಲಿ. ಇಳಿದು ಕೋಟೆ ಕಡೆ ನಡೆಯಿರಿ. ಗೇಟು ನೋಡೋಕೆ ಟಿಕೆಟ್ ಬೇಡ.

ರಾಬರ್ಟ್ ಮತ್ತು ಜಾನ್ ಡೇವಿಸ್ ಅಂತ ಅಣ್ಣತಮ್ಮಂದಿರು, ರೆಕ್ಸಮ್ ಹತ್ತಿರದ ಬರ್ಶಮ್ ಊರಿನ ಕಮ್ಮಾರರು, 1712ರಲ್ಲಿ ಈ ಗೇಟಿನ ಕೆಲಸ ಹಿಡಿದು ವರ್ಷಗಟ್ಟಲೆ ಮಾಡಿದರು. ಇದು ಎರಕ ಹೊಯ್ದದ್ದಲ್ಲ, ಕುಲುಮೆಯಲ್ಲಿ ಕಾಯಿಸಿ ಬಡಿದದ್ದು. ದೂರದಿಂದ ಬಳ್ಳಿ ಹಬ್ಬಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಒಂದೇ ಒಂದು ಎಲೆಯನ್ನು ನೋಡಿ, ಅಂಚು ತೆಳ್ಳಗೆ ಮಡಚಿಕೊಂಡಿದೆ, ಪಕ್ಕದ ಎಲೆ ಅದರ ಹಾಗೇ ಇದ್ದರೂ ಬಾಗು ಸ್ವಲ್ಪ ಬೇರೆ, ಪ್ರತಿಯೊಂದಕ್ಕೂ ಬೇರೆ ಬೇರೆ ಸುತ್ತಿಗೆ ಏಟು ಬಿದ್ದಿದೆ ಅಲ್ವಾ ಅನ್ನಿಸಿ ನನಗೆ ಅಲ್ಲಿಂದ ಕಾಲೇ ಬರಲಿಲ್ಲ. ಕಬ್ಬಿಣದ ಹದ ತಪ್ಪಿದ್ದರೆ ಆ ಅಂಚು ಸೀಳಿಹೋಗುತ್ತಿತ್ತು.

ಕತ್ತೆತ್ತಿ ನೋಡಲು ಮರೆಯಬೇಡಿ. ಮೇಲೆ ಕೋಟೆಯ ಒಡೆಯರಾಗಿದ್ದ ಮಿಡಲ್ಟನ್ ಮನೆತನದ ಲಾಂಛನ, ಅದರಲ್ಲಿ ಕೆಂಪು ಕೈ. ಆಸ್ತಿಗಾಗಿ ಪಂದ್ಯ ಓಡಿದ ಇಬ್ಬರಲ್ಲಿ ಗುರಿಯನ್ನು ಮೊದಲು ಮುಟ್ಟಲು ಬಂದವನ ಕೈ ಕಡಿದ ಕಥೆ ಹೇಳುತ್ತಾರೆ. ನಿಜವಾಗಿ ಅದು ಬ್ಯಾರನೆಟ್ ಅನ್ನುವ, ವಂಶದಲ್ಲಿ ಮುಂದುವರಿಯುವ ಬ್ರಿಟಿಷ್ ಪದವಿಯ ಗುರುತು. ಪಕ್ಕದ ಕಂಬಗಳ ಮೇಲೆ ತೋಳಗಳಿವೆ.

ಈ ಗೇಟು ಮೊದಲು ಇದ್ದದ್ದು ಕೋಟೆಯ ಮುಂದೆಯೇ. ಆಮೇಲೆ ತೋಟದ ರೂಪ ಬದಲಾಯಿಸುವಾಗ ಅಲ್ಲಿಂದ ಕಿತ್ತರು, 1888ರಲ್ಲಿ ಈಗಿನ ಜಾಗಕ್ಕೆ ತಂದು ನಿಲ್ಲಿಸಿದರು. ಇಷ್ಟು ನಾಜೂಕಿನ ಕೆಲಸ ಅಷ್ಟೆಲ್ಲ ಓಡಾಡಿಯೂ ಉಳಿದಿದೆ, ಅದೇ ನನಗೆ ಸಂತೋಷ.

ಗೇಟಿನಿಂದ ಕೋಟೆಗೆ ಏರು ದಾರಿ, ಒಳ್ಳೆ ಶೂ ಇರಲಿ, ಮಳೆಗೆ ಜಾಕೆಟ್ ಬೇಕೇ ಬೇಕು. ಒಳಗೆ ಹೋಗಲು ಕೋಟೆಯನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಟಿಕೆಟ್ ಇದೆ, ತೆರೆಯುವ ದಿನ ನೋಡಿಕೊಂಡು ಹೊರಡಿ. ಇನ್ನೊಂದು ದಿನ ಇದ್ದರೆ ರೆಕ್ಸಮ್‌ನಲ್ಲಿ ಇಳಿದು ಎರ್ಡಿಗ್ ಅನ್ನುವ ಹಳೆಯ ದೊಡ್ಡ ಮನೆಗೂ ಹೋಗಿ. ಅಲ್ಲಿನ ತೋಟದಲ್ಲಿ ಉದ್ದನೆಯ ಕಾಲುವೆ ಇದೆ. ಅದರ ತುದಿಗೆ ನಡೆದರೆ ಡೇವಿಸ್ ಅಣ್ಣತಮ್ಮಂದಿರ ಕೈಕೆಲಸದ ಇನ್ನೊಂದು ಗೇಟು ಸಿಗುತ್ತದೆ.